ಓದುಗರ ಪ್ರಶ್ನೆ: ಕಡಲಿನ ಬ್ಯಾಕ್ಟೀರಿಯಾಕ್ಕೆ ಬಿಸಿಲು ಊಟವೇ, ಊರುಗೋಲೇ?

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಗಿಡಮರಗಳು, ಪಾಚಿಗಳು ಮತ್ತು ಸಯನೋಬ್ಯಾಕ್ಟೀರಿಯಾಗಳು ಬೆಳಕಿನಿಂದ ಶಕ್ತಿ ಪಡೆಯುತ್ತವೆ ಎಂದು ಪಾಠ ಮಾಡುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಹಸಿರು ಬಣ್ಣವೇ ಇಲ್ಲದ ಬ್ಯಾಕ್ಟೀರಿಯಾಗಳೂ ಸಮುದ್ರದಲ್ಲಿ ಬಿಸಿಲಿನಿಂದ ಬದುಕುತ್ತವಂತೆ, ಖರೇನಾ?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಅವಳನ್ನು ಕೂರಿಸಿದೆ. ಇದು ನಿಜವೇ? ನಿಜವಾದರೆ ಅವು ಗಿಡಗಳ ಹಾಗೆ ಆಹಾರ ತಯಾರಿಸುತ್ತವೆಯೇ?

ಉತ್ತರ: ತಮ್ಮ ವಿದ್ಯಾರ್ಥಿನಿ ಕೇಳಿರುವುದು ನಿಜ. ತಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಇಲ್ಲ ಎನ್ನಬೇಕಾಗುತ್ತದೆ, ಮತ್ತು ಸ್ವಾರಸ್ಯವೆಲ್ಲ ಆ "ಇಲ್ಲ"ದಲ್ಲೇ ಇದೆ. ನಮ್ಮ ಹೊಲದ ತೊಗರಿ ಗಿಡ ಬಿಸಿಲಿನ ಶಕ್ತಿಯಿಂದ ಗಾಳಿಯ ಇಂಗಾಲವನ್ನು ಸಕ್ಕರೆಯಾಗಿ ಕಟ್ಟಿ, ಆ ಸಕ್ಕರೆಯಿಂದ ಕಾಂಡ, ಎಲೆ, ಕಾಳುಗಳನ್ನು ಬೆಳೆಸುತ್ತದೆ. ತಾವು ಕೇಳಿರುವ ಬ್ಯಾಕ್ಟೀರಿಯಾ ಹಾಗೆ ಏನನ್ನೂ ಕಟ್ಟುವುದಿಲ್ಲ. ಅದರ ಊಟ ಬೇರೆ ಜೀವಿಗಳಿಂದ ನೀರಿಗೆ ಸೋರಿದ ಸಾವಯವ ಪದಾರ್ಥವೇ. ಊಟ ಸಿಗದ ದಿನಗಳಲ್ಲಿ ಜೀವ ಹಿಡಿದುಕೊಂಡಿರಲು ಅದು ಬೆಳಕನ್ನು ಬಳಸುತ್ತದೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ "ಬಿಸಿಲು ತಿನ್ನುವ ಬ್ಯಾಕ್ಟೀರಿಯಾ" ಎಂಬ ತಲೆಬರಹ ಈ ಕಾರಣದಿಂದ ನನಗೆ ಸರಿಬರುವುದಿಲ್ಲ.

ಕಡಲಿನಲ್ಲಿ ಹಸಿವು ಎಂತಹದು ಎಂಬುದನ್ನು ಮೊದಲು ನೋಡೋಣ. ಒಂದು ಮಿಲಿಲೀಟರ್ ಮೇಲ್ಪದರದ ಕಡಲ ನೀರಿನಲ್ಲಿ ಐದರಿಂದ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಒಂದು ಚಮಚೆ ನೀರೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಜನಸಂಖ್ಯೆಗಿಂತ ದೊಡ್ಡ ಊರು. ಅಷ್ಟು ಬಾಯಿಗಳ ಎದುರು ಇರುವುದೇನು? ಒಂದು ಲೀಟರ್ ನೀರಿನಲ್ಲಿ ಕರಗಿರುವ ಸಾವಯವ ಇಂಗಾಲ ಸುಮಾರು ಒಂದು ಮಿಲಿಗ್ರಾಂ, ಅದರಲ್ಲೂ ಹೆಚ್ಚಿನ ಪಾಲು ಸುಲಭವಾಗಿ ಜೀರ್ಣವಾಗದ ಹಳೆಯ ಸರಕು. ಪಾಚಿಗಳು ಹುಲುಸಾಗಿ ಬೆಳೆದು ಸತ್ತಾಗ ಒಂದೆರಡು ದಿನ ಹಬ್ಬ, ಆಮೇಲೆ ಉಪವಾಸ. ನೀರಿಗೇನೋ ಕೊರತೆಯಿಲ್ಲ, ಬೆಳಕಿಗೂ ಕೊರತೆಯಿಲ್ಲ, ತಿನ್ನಲು ಮಾತ್ರ ಏನೂ ಇಲ್ಲ ಎಂಬುದು ತೆರೆದ ಕಡಲಿನ ಸ್ಥಿತಿ.

ಈಗ ಆ ಜೀವಕೋಶದ ಒಳಗಿನ ವ್ಯವಸ್ಥೆಗೆ ಬರೋಣ. ಹೊಲದಲ್ಲಿ ಡೀಸೆಲ್ ಪಂಪು ಮತ್ತು ಸೋಲಾರ್ ಪಂಪ್‌ಸೆಟ್ ಎರಡನ್ನೂ ಇಟ್ಟುಕೊಂಡು, ಎರಡರ ನೀರನ್ನೂ ಒಂದೇ ಟ್ಯಾಂಕಿಗೆ ಬಿಟ್ಟುಕೊಂಡಿರುವ ರೈತರನ್ನು ತಾವು ಕಂಡಿರಬಹುದು. ಬ್ಯಾಕ್ಟೀರಿಯಾದ ಪೊರೆಯಲ್ಲಿಯೂ ಅಂತಹದೇ ಏರ್ಪಾಡು ಇದೆ, ಆದರೆ ಅಲ್ಲಿ ಎತ್ತುವುದು ನೀರನ್ನಲ್ಲ, ಪ್ರೋಟಾನುಗಳನ್ನು, ಎಂದರೆ ಹೈಡ್ರೋಜನ್ ಅಯಾನುಗಳನ್ನು. ಆಹಾರವನ್ನು ಉಸಿರಾಟದಲ್ಲಿ ಉರಿಸಿದಾಗ ಬರುವ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಒಳಗಿನಿಂದ ಹೊರಕ್ಕೆ ತಳ್ಳಲ್ಪಡುತ್ತವೆ. ಇದು ಡೀಸೆಲ್ ಪಂಪು. ಹೊರಗೆ ಕಿಕ್ಕಿರಿದ ಪ್ರೋಟಾನುಗಳು ಒಳಕ್ಕೆ ಮರಳಲು ಒತ್ತುತ್ತವೆ, ಮತ್ತು ಮರಳುವ ದಾರಿಯಲ್ಲಿ ಅವುಗಳಿಂದ ಕೆಲಸ ಮಾಡಿಸಿಕೊಳ್ಳಲಾಗುತ್ತದೆ. ಒಂದು ದಾರಿಯಲ್ಲಿ ಎಟಿಪಿ ಎಂಬ ಶಕ್ತಿಯ ನಾಣ್ಯವನ್ನು ಟಂಕಿಸುವ ತಿರುಗು ಯಂತ್ರವಿದೆ. ಇನ್ನೊಂದರಲ್ಲಿ ಈಜಲು ಬೇಕಾದ ಕಶಾಂಗದ, ಎಂದರೆ ಚಾಟಿಯಂತಹ ಬಾಲದ, ಮೋಟಾರು ಇದೆ. ಮತ್ತೊಂದರಲ್ಲಿ ಹೊರಗಿನ ಪೋಷಕಾಂಶವನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ. ಇಂತಹ ಪ್ರೋಟಾನು ಒತ್ತಡವೇ ಜೀವಕೋಶಗಳಲ್ಲಿ ಎಟಿಪಿ ತಯಾರಿಕೆಯ ಮೂಲ ಎಂದು 1961ರಲ್ಲಿ ವಾದಿಸಿದ ಪೀಟರ್ ಮಿಚೆಲ್ ಅವರ ಮಾತನ್ನು ಬಹಳ ಜನ ಬಹಳ ವರ್ಷ ನಂಬಲಿಲ್ಲ. 1978ರಲ್ಲಿ ಅದಕ್ಕೇ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಸೋಲಾರ್ ಪಂಪು ಯಾವುದೆಂದರೆ, ಪೊರೆಯಲ್ಲಿ ಹೂತಿರುವ ಪ್ರೋಟಿಯೊರೊಡಾಪ್ಸಿನ್ ಎಂಬ ಒಂದೇ ಒಂದು ಪ್ರೋಟೀನು. ಸುಮಾರು 250 ಅಮೈನೋ ಆಮ್ಲಗಳ ಈ ಸರಪಳಿ ಪೊರೆಯನ್ನು ಏಳು ಬಾರಿ ಹಾದುಹೋಗಿ ಏಳು ಕಂಬಗಳ ಮಂಟಪದಂತೆ ನಿಂತಿರುತ್ತದೆ. ಮಂಟಪದ ನಡುವೆ ರೆಟಿನಾಲ್ ಎಂಬ ಚಿಕ್ಕ ಅಣು ಒಂದು ಕಂಬಕ್ಕೆ ಅಂಟಿಕೊಂಡಿರುತ್ತದೆ. ಬೆಳಕಿನ ಒಂದು ಕಣ ಬಡಿದಾಗ ನೆಟ್ಟಗೆ ಚಾಚಿಕೊಂಡಿದ್ದ ರೆಟಿನಾಲ್ ಹದಿಮೂರನೆಯ ಇಂಗಾಲದ ಬಳಿ ಮೊಣಕೈ ಮಡಿಸಿದಂತೆ ಬಾಗುತ್ತದೆ. ಆ ಬಾಗುವಿಕೆಯಿಂದ ಅದರ ಬುಡದಲ್ಲಿದ್ದ ಪ್ರೋಟಾನು ಕಳಚಿ ಹೊರಕ್ಕೆ ಹೋಗುತ್ತದೆ, ಒಳಗಿನಿಂದ ಬೇರೊಂದು ಪ್ರೋಟಾನು ಬಂದು ಆ ಜಾಗವನ್ನು ತುಂಬುತ್ತದೆ, ರೆಟಿನಾಲ್ ಮತ್ತೆ ನೆಟ್ಟಗಾಗುತ್ತದೆ. ಈ ಒಂದು ಸುತ್ತಿಗೆ ಸುಮಾರು 20 ಮಿಲಿಸೆಕೆಂಡು ಸಾಕು. ಒಂದು ಬೆಳಕಿನ ಕಣಕ್ಕೆ ಒಂದು ಪ್ರೋಟಾನು, ಇಷ್ಟೇ ವ್ಯಾಪಾರ. ಗಿಡದ ಎಲೆಯಲ್ಲಿ ಇದೇ ಬೆಳಕನ್ನು ಹಿಡಿಯಲು ಹತ್ತಾರು ಪ್ರೋಟೀನುಗಳು, ನೂರಾರು ಕ್ಲೋರೊಫಿಲ್ ಅಣುಗಳು ಒಟ್ಟಾಗಿ ದುಡಿಯಬೇಕು. ಅವುಗಳನ್ನೆಲ್ಲ ಕಟ್ಟಲು ಸಾರಜನಕವೂ ಕಬ್ಬಿಣವೂ ಬೇಕು, ಮತ್ತು ಕಡಲಿನಲ್ಲಿ ಅವೆರಡೂ ದುಬಾರಿ. ಬಡವನ ಮನೆಗೆ ತಕ್ಕ ಯಂತ್ರ ಇದು: ಕಡಿಮೆ ಕೊಡುತ್ತದೆ, ಆದರೆ ಇಟ್ಟುಕೊಳ್ಳುವ ಖರ್ಚೂ ಕಡಿಮೆ.

ಇಂತಹ ಪಂಪು ಮೊದಲು ಪತ್ತೆಯಾದದ್ದು ಕಡಲಿನಲ್ಲಿ ಅಲ್ಲ, ಉಪ್ಪಿನಲ್ಲಿ. ಉಪ್ಪಿನಾಗರಗಳ ಕೆಂಪು ನೀರಿನಲ್ಲಿ ಬದುಕುವ ಹ್ಯಾಲೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಯ ನೇರಳೆ ಪೊರೆಯಲ್ಲಿ ನಮ್ಮ ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ರೊಡಾಪ್ಸಿನ್ನನ್ನು ಹೋಲುವ ಪ್ರೋಟೀನು ಇದೆಯೆಂದು ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ 1971ರಲ್ಲಿ ತೋರಿಸಿದರು. ಅದು ಪ್ರೋಟಾನು ಪಂಪೆಂದು ಸ್ಪಷ್ಟವಾದ ಮೇಲೆ 1974ರಲ್ಲಿ ಸ್ಟೋಕೆನಿಯಸ್ ಅವರು ರಾಕರ್ ಜೊತೆ ಸೇರಿ ಒಂದು ವಿಚಿತ್ರ ಪ್ರಯೋಗ ಮಾಡಿದರು. ಸೋಯಾಬೀನಿನ ಕೊಬ್ಬಿನಿಂದ ಪುಟ್ಟ ಗುಳ್ಳೆಗಳನ್ನು ಮಾಡಿ, ಅವುಗಳ ಗೋಡೆಯಲ್ಲಿ ಉಪ್ಪುನೀರಿನ ಜೀವಿಯ ಈ ನೇರಳೆ ಪಂಪನ್ನೂ ದನದ ಹೃದಯದಿಂದ ತೆಗೆದ ಎಟಿಪಿ ಯಂತ್ರವನ್ನೂ ಒಟ್ಟಿಗೆ ಕೂರಿಸಿದರು. ದೀಪ ಹಾಕಿದಾಗ ಎಟಿಪಿ ತಯಾರಾಯಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಜೀವಿಗಳ ಭಾಗಗಳ ನಡುವೆ ಪ್ರೋಟಾನು ಒತ್ತಡವೊಂದೇ ಕೊಂಡಿಯಾಗಿತ್ತು. ಮಿಚೆಲ್ ಅವರ ವಾದವನ್ನು ಒಪ್ಪದವರ ಬಾಯಿ ಕಟ್ಟಿಸಿದ ಸಾಕ್ಷ್ಯಗಳಲ್ಲಿ ಇದೂ ಒಂದು.

ಆಮೇಲೆ ಕಾಲು ಶತಮಾನ ಕಾಲ ಈ ಪಂಪು ಉಪ್ಪುನೀರಿನ ಆರ್ಕಿಯಾಗಳ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳ) ವಿಶೇಷವೆಂದೇ ಎಲ್ಲರೂ ತಿಳಿದಿದ್ದರು. 2000ದಲ್ಲಿ ಓಡೆಡ್ ಬೆಜಾ, ಎಡ್ವರ್ಡ್ ಡೆಲಾಂಗ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನೀರಿನಿಂದ ನೇರವಾಗಿ ಡಿಎನ್‌ಎ ಸೋಸಿ ತೆಗೆದು ಓದಿದಾಗ, ಪ್ರಯೋಗಾಲಯದಲ್ಲಿ ಯಾರೂ ಬೆಳೆಸಿರದ ಎಸ್‌ಎಆರ್-86 ಎಂಬ ಗುಂಪಿನ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕಿನಲ್ಲಿ ಅದೇ ಬಗೆಯ ಜೀನು ಕಂಡಿತು. ಜೀವಿ ಕೈಯಲ್ಲಿಲ್ಲ, ಅದರ ಜೀನು ಮಾತ್ರ ಇದೆ; ಅದು ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಹೇಗೆ? ಅವರು ಆ ಜೀನನ್ನು ನಮ್ಮ ಕರುಳಿನಲ್ಲೂ ಇರುವ ಇ. ಕೋಲಿಗೆ ಸೇರಿಸಿ, ಹೊರಗಿನಿಂದ ರೆಟಿನಾಲ್ ಕೊಟ್ಟರು. ಬಣ್ಣವಿಲ್ಲದ ಇ. ಕೋಲಿ ಕೆಂಪಗಾಯಿತು. ದೀಪ ಹಚ್ಚಿದಾಗ ಸುತ್ತಲಿನ ದ್ರವದ ಆಮ್ಲೀಯತೆ ಏರಿತು, ಎಂದರೆ ಪ್ರೋಟಾನುಗಳು ಹೊರಬಿದ್ದವು, ಆರಿಸಿದಾಗ ಇಳಿಯಿತು. ತಮ್ಮ ತರಗತಿಯಲ್ಲಿ ಪಿಎಚ್ ಎಂದರೇನು ಎಂದು ಕಲಿಸುವ ದಿನ ಈ ಪ್ರಯೋಗದ ಕಥೆಯನ್ನು ಹೇಳಬಹುದು.

ಪಂಪು ಇದೆ ಎಂಬುದು ಸಾಬೀತಾಯಿತು, ಆದರೆ ಅದರಿಂದ ಬ್ಯಾಕ್ಟೀರಿಯಾಕ್ಕೆ ಏನು ಲಾಭ ಎಂಬುದು ಇನ್ನೂ ಆರೇಳು ವರ್ಷ ಬಗೆಹರಿಯಲಿಲ್ಲ. ಭೂಮಿಯ ಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಜೀವಿಗಳಲ್ಲಿ ಒಂದಾದ ಪೆಲಾಜಿಬ್ಯಾಕ್ಟರ್ ಎಂಬ ಕಡಲ ಬ್ಯಾಕ್ಟೀರಿಯಾದಲ್ಲಿಯೂ ಈ ಪ್ರೋಟೀನು ಇದೆಯೆಂದು 2005ರಲ್ಲಿ ತಿಳಿದಾಗ, ಬೆಳಕಿನಲ್ಲೂ ಕತ್ತಲಲ್ಲೂ ಅದನ್ನು ಬೆಳೆಸಿ ನೋಡಿದರು. ಎರಡರಲ್ಲೂ ಒಂದೇ ವೇಗದ ಬೆಳವಣಿಗೆ! 2007ರಲ್ಲಿ ಲಾರಾ ಗೋಮೆಜ್-ಕೊನ್ಸಾರ್ನೌ ಮತ್ತು ಸಂಗಡಿಗರು ಮೆಡಿಟರೇನಿಯನ್ ಕಡಲಿನ ಡಾಕ್ಡೋನಿಯಾ ಎಂಬ ಬ್ಯಾಕ್ಟೀರಿಯಾ ಬೆಳಕಿನಲ್ಲಿ ಹೆಚ್ಚು ಬೆಳೆಯುವುದನ್ನು ತೋರಿಸಿದರಾದರೂ, ಅದು ಆಹಾರ ಕಡಿಮೆ ಇದ್ದಾಗ ಎದ್ದು ಕಾಣುವ ವ್ಯತ್ಯಾಸವಾಗಿತ್ತು. ಅದೇ ವರ್ಷದ ಇನ್ನೊಂದು ಪ್ರಯೋಗ ಒಗಟನ್ನು ಮತ್ತಷ್ಟು ಸಡಿಲಿಸಿತು. ಪ್ರೋಟಿಯೊರೊಡಾಪ್ಸಿನ್ ಸೇರಿಸಿದ ಇ. ಕೋಲಿಗೆ ಅಜೈಡ್ ಎಂಬ ವಿಷ ಹಾಕಿ ಉಸಿರಾಟವನ್ನು ತಡೆದರು. ಕಶಾಂಗದ ಮೋಟಾರು ನಿಧಾನವಾಯಿತು. ಹಸಿರು ಬೆಳಕು ಬಿಟ್ಟಾಗ ಮೋಟಾರು ಮತ್ತೆ ತಿರುಗಿತು. ಉಸಿರಾಟ ಚೆನ್ನಾಗಿ ನಡೆಯುತ್ತಿದ್ದಾಗ ಬೆಳಕಿನಿಂದ ಅಂತಹ ಫರಕು ಕಾಣುತ್ತಿರಲಿಲ್ಲ. ಕರೆಂಟು ಇರುವಾಗ ಇನ್ವರ್ಟರ್ ಇದೆಯೋ ಇಲ್ಲವೋ ಎಂದು ಮನೆಯವರಿಗೆ ಗೊತ್ತಾಗುವುದಿಲ್ಲ, ಕರೆಂಟು ಹೋದಾಗಲೇ ಗೊತ್ತಾಗುವುದು; ಏಪ್ರಿಲ್ ತಿಂಗಳಿನಲ್ಲಿ ಕಲಬುರಗಿಯಲ್ಲಿ ಇರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ಪಷ್ಟವಾದ ಉತ್ತರ ಬಂದದ್ದು 2010ರಲ್ಲಿ, ಅದೂ ನಮ್ಮ ಸಮೀಪದ ಅಂಡಮಾನ್ ಸಮುದ್ರದಿಂದ ತಂದ ಎಎನ್‌ಡಿ-4 ಎಂಬ ಹೆಸರಿನ ವಿಬ್ರಿಯೋ ಬ್ಯಾಕ್ಟೀರಿಯಾದಿಂದ. ಕಾಲರಾ ತರುವ ಬ್ಯಾಕ್ಟೀರಿಯಾ ಇದೇ ವಿಬ್ರಿಯೋ ಕುಲದ್ದು. ಗೋಮೆಜ್-ಕೊನ್ಸಾರ್ನೌ ಮತ್ತು ಯಾರೊನೆ ಪಿನ್ಹಾಸ್ಸಿ ಅವರ ತಂಡ ಈ ಬ್ಯಾಕ್ಟೀರಿಯಾಗಳನ್ನು ಪೋಷಕಾಂಶವಿಲ್ಲದ ಕಡಲ ನೀರಿಗೆ ಹಾಕಿ, ಕೆಲವು ಸೀಸೆಗಳನ್ನು ಬೆಳಕಿನಲ್ಲೂ ಕೆಲವನ್ನು ಕತ್ತಲಲ್ಲೂ ದಿನಗಟ್ಟಲೆ ಉಪವಾಸ ಕೆಡವಿತು. ಬೆಳಕಿನಲ್ಲಿದ್ದವು ಕತ್ತಲಲ್ಲಿದ್ದವುಗಳಿಗಿಂತ ಹೆಚ್ಚು ಕಾಲ ಜೀವ ಹಿಡಿದುಕೊಂಡಿದ್ದವು. ಬೆಳಕಿನಿಂದ ಬೇರೆ ಯಾವುದೋ ಕಾರಣಕ್ಕೆ ಹೀಗಾಗಿರಬಹುದಲ್ಲ ಎಂದು ಯಾರಾದರೂ ಕೇಳಬಹುದೆಂದು, ತಂಡದವರು ಪ್ರೋಟಿಯೊರೊಡಾಪ್ಸಿನ್ ಜೀನನ್ನೇ ಕತ್ತರಿಸಿ ತೆಗೆದರು. ಬೆಳಕಿನ ಲಾಭವೂ ಹೋಯಿತು. ಜೀನನ್ನು ಮರಳಿ ಕೂರಿಸಿದರು, ಲಾಭವೂ ಮರಳಿತು. ಗಮನಿಸಬೇಕಾದ ಸಂಗತಿಯೆಂದರೆ, ಹೊಟ್ಟೆ ತುಂಬಿದ ಎಎನ್‌ಡಿ-4 ಬೆಳಕಿನಲ್ಲಿ ಹೆಚ್ಚೇನೂ ಬೆಳೆಯಲಿಲ್ಲ. ಮುಂದೆ 2011ರಲ್ಲಿ ಪೆಲಾಜಿಬ್ಯಾಕ್ಟರನ್ನು ಇಂಗಾಲದ ಉಪವಾಸಕ್ಕೆ ಕೆಡವಿ ನೋಡಿದಾಗ, ಬೆಳಕಿನಲ್ಲಿದ್ದ ಕೋಶಗಳಲ್ಲಿ ಎಟಿಪಿ ಉಳಿದುಕೊಂಡಿತ್ತು, ಕತ್ತಲಲ್ಲಿದ್ದವು ತಮ್ಮ ಮೈಯನ್ನೇ ಉರಿಸಿಕೊಳ್ಳುತ್ತಿದ್ದವು. 2005ರಲ್ಲಿ ವ್ಯತ್ಯಾಸ ಕಾಣದಿದ್ದುದು ಏಕೆಂದರೆ ಆಗ ಅವುಗಳಿಗೆ ಊಟ ಕೊಟ್ಟು ನೋಡಿದ್ದರು.

ಆದ್ದರಿಂದ ತಮ್ಮ ವಿದ್ಯಾರ್ಥಿನಿಗೆ ಹೀಗೆ ಹೇಳಬಹುದು: ಗಿಡಕ್ಕೆ ಬಿಸಿಲು ಅಡುಗೆಯ ಉರುವಲು, ಈ ಬ್ಯಾಕ್ಟೀರಿಯಾಕ್ಕೆ ಅದು ಉಪವಾಸದ ದಿನ ಊರಿಕೊಳ್ಳುವ ಕೋಲು. ತಾವು ಪಾಠದಲ್ಲಿ ಹೇಳಿದ ಗಿಡಮರ, ಪಾಚಿ, ಸಯನೋಬ್ಯಾಕ್ಟೀರಿಯಾಗಳ ಪಟ್ಟಿಗೆ ಇನ್ನೂ ಒಂದು ತಿದ್ದುಪಡಿ ಬೇಕು. ಬ್ಯಾಕ್ಟೀರಿಯೊಕ್ಲೋರೊಫಿಲ್ ಎಂಬ ಬೇರೆಯೇ ವರ್ಣದ್ರವ್ಯವಿದ್ದು, ಆಮ್ಲಜನಕ ಬಿಡದೆ ಬೆಳಕನ್ನು ಬಳಸುವ ಬ್ಯಾಕ್ಟೀರಿಯಾಗಳೂ ಕಡಲಿನಲ್ಲಿ ಸಾಕಷ್ಟಿವೆ. ಅವುಗಳೂ ಊಟದ ಜೊತೆಗೆ ಬೆಳಕನ್ನು ಉಪ್ಪಿನಕಾಯಿಯಂತೆ ನೆಂಚಿಕೊಳ್ಳುವಂಥವೇ.

ಪ್ರಶ್ನೆ: ಹುಮನಾಬಾದಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಆಳಕ್ಕೆ ಹೋದಂತೆ ಕಡಲಿನಲ್ಲಿ ಬೆಳಕಿನ ಬಣ್ಣ ಬದಲಾಗುತ್ತದೆ ಎಂದು ಓದಿದ್ದೇನೆ. ಹಾಗಾದರೆ ಒಂದೇ ಪ್ರೋಟೀನು ಎಲ್ಲ ಆಳದಲ್ಲೂ ಹೇಗೆ ಕೆಲಸ ಮಾಡುತ್ತದೆ?

ಉತ್ತರ: ಒಂದೇ ಅಲ್ಲ. ನೀರು ಕೆಂಪು ಬೆಳಕನ್ನು ಮೊದಲ ಹತ್ತಾರು ಮೀಟರಿನಲ್ಲೇ ನುಂಗಿಬಿಡುತ್ತದೆ, ಸ್ವಚ್ಛವಾದ ತೆರೆದ ಕಡಲಿನಲ್ಲಿ ಅತಿ ಆಳಕ್ಕೆ ಇಳಿಯುವುದು ನೀಲಿ. ಇದಕ್ಕೆ ತಕ್ಕಂತೆ ಪ್ರೋಟಿಯೊರೊಡಾಪ್ಸಿನ್‌ನಲ್ಲಿ ಎರಡು ಬಗೆಗಳಿವೆ: ಮೇಲ್ಮಟ್ಟದಲ್ಲಿ ಹೆಚ್ಚಾಗಿ ಸಿಗುವುದು ಸುಮಾರು 525 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕನ್ನು ಹೀರುತ್ತದೆ, ಹವಾಯಿಯ ಬಳಿ 75 ಮೀಟರ್ ಆಳದಿಂದ ತೆಗೆದದ್ದು ಸುಮಾರು 490 ನ್ಯಾನೋಮೀಟರಿನ ನೀಲಿಯನ್ನು ಹೀರುತ್ತದೆ. ಈ ವ್ಯತ್ಯಾಸಕ್ಕೆ ಎಷ್ಟು ದೊಡ್ಡ ಬದಲಾವಣೆ ಬೇಕಾಗಿರಬಹುದು ಎಂದು ತಾವು ಊಹಿಸಿ. 2003ರಲ್ಲಿ ಕಂಡುಕೊಂಡಂತೆ, ಸರಪಳಿಯ 105ನೆಯ ಜಾಗದಲ್ಲಿ ಲ್ಯೂಸೀನ್ ಎಂಬ ಅಮೈನೋ ಆಮ್ಲ ಇದ್ದರೆ ಹಸಿರು, ಗ್ಲುಟಮಿನ್ ಇದ್ದರೆ ನೀಲಿ. ಒಂದು ಮಣಿ ಬದಲಾಯಿಸಿದರೆ ಸರದ ಬಣ್ಣವೇ ಬದಲು. ಹಸಿರನ್ನು ಹೀರುವ ಪ್ರೋಟೀನು ನಮ್ಮ ಕಣ್ಣಿಗೆ ಕೆಂಪಾಗಿ ಕಾಣುವುದೂ, ನೀಲಿಯನ್ನು ಹೀರುವುದು ಕಿತ್ತಳೆ ಹಳದಿಯಾಗಿ ಕಾಣುವುದೂ ಹೀರದೆ ಉಳಿದ ಬೆಳಕು ಮಾತ್ರ ಕಣ್ಣಿಗೆ ಬರುವುದರಿಂದ. ಪ್ರೋಟಾನಿನ ಬದಲು ಸೋಡಿಯಂ ಅಯಾನನ್ನು ಎತ್ತುವ ಬಗೆಯೊಂದನ್ನು ಜಪಾನಿನ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಉಪ್ಪಿನ ನಡುವೆಯೇ ಬದುಕುವವರಿಗೆ ಅದೂ ಒಂದು ಜಾಣತನ.

ಪ್ರಶ್ನೆ: ಇಂತಹ ಬ್ಯಾಕ್ಟೀರಿಯಾಗಳು ಎಷ್ಟಿವೆ? ಅಷ್ಟು ಸಣ್ಣ ಪಂಪಿನಿಂದ ಕಡಲಿನ ಲೆಕ್ಕದಲ್ಲಿ ಏನಾದರೂ ಬದಲಾಗುತ್ತದೆಯೇ? (ಚಿಂಚೋಳಿಯ ಓದುಗರು)

ಉತ್ತರ: 2004ರಲ್ಲಿ ಕ್ರೇಗ್ ವೆಂಟರ್ ಅವರ ತಂಡ ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದ ನೀರಿನ ಡಿಎನ್‌ಎ ಓದಿದಾಗ ಇಂತಹ 782 ಹೊಸ ಜೀನುಗಳು ಒಂದೇ ಸಲಕ್ಕೆ ಸಿಕ್ಕವು. ಪಂಪನ್ನೂ ಅದಕ್ಕೆ ಬೇಕಾದ ರೆಟಿನಾಲನ್ನೂ ತಯಾರಿಸಲು ಆರೇ ಆರು ಜೀನು ಸಾಕೆಂದು 2007ರಲ್ಲಿ ತೋರಿಸಲಾಯಿತು; ಇಷ್ಟು ಚಿಕ್ಕ ಗಂಟು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಾಗುವುದು ಕಷ್ಟವಲ್ಲ, ಅದಕ್ಕೇ ದೂರದ ಸಂಬಂಧದ ಗುಂಪುಗಳಲ್ಲೂ ಅದು ಹರಡಿದೆ. 2019ರಲ್ಲಿ ಮೆಡಿಟರೇನಿಯನ್ ಮತ್ತು ಅಟ್ಲಾಂಟಿಕ್‌ನ ನೀರಿನಲ್ಲಿ ರೆಟಿನಾಲನ್ನು ಅಳೆದವರು, ಈ ಪ್ರೋಟೀನುಗಳು ಹಿಡಿಯುವ ಬೆಳಕಿನ ಶಕ್ತಿ ಕ್ಲೋರೊಫಿಲ್ ಹಿಡಿಯುವುದಕ್ಕೆ ಸಮನಾಗಿದೆ, ಪೋಷಕಾಂಶ ತೀರ ಕಡಿಮೆ ಇರುವ ಕಡೆ ಅದನ್ನೂ ಮೀರಬಹುದು ಎಂದು ಲೆಕ್ಕ ಹಾಕಿದರು. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಿಡಿದ ಶಕ್ತಿ ಬೇರೆ, ಕಟ್ಟಿದ ಆಹಾರ ಬೇರೆ. ಮೀನಿಗೆ ದಕ್ಕುವ ಸಕ್ಕರೆಯನ್ನು ಕಟ್ಟುವುದು ಇಂದಿಗೂ ಕ್ಲೋರೊಫಿಲ್ ಇರುವ ಪಾಚಿಗಳು ಮತ್ತು ಸಯನೋಬ್ಯಾಕ್ಟೀರಿಯಾಗಳೇ.

ಪ್ರಶ್ನೆ: ಕಣ್ಣಿಗೆ ಗಜ್ಜರಿ ಒಳ್ಳೆಯದೆನ್ನುತ್ತಾರೆ. ಬ್ಯಾಕ್ಟೀರಿಯಾದಲ್ಲೂ ನಮ್ಮ ಕಣ್ಣಿನಲ್ಲೂ ಇರುವ ರೆಟಿನಾಲ್ ಒಂದೇನಾ? (ಶಹಾಪುರದ ಗೃಹಿಣಿಯೊಬ್ಬರು)

ಉತ್ತರ: ಹೌದು, ಅದೇ ಅಣು. ಗಜ್ಜರಿಯ ಕೇಸರಿ ಬಣ್ಣ ಬೀಟಾ ಕ್ಯಾರೋಟಿನ್‌ನದು. ಒಗ್ಗರಣೆಗೆ ಗಜ್ಜರಿ ಹಾಕಿದಾಗ ಎಣ್ಣೆ ಕೇಸರಿಯಾಗುವುದನ್ನೂ, ಬರೀ ನೀರಿನಲ್ಲಿ ಬೇಯಿಸಿದರೆ ನೀರು ಅಷ್ಟು ಬಣ್ಣ ಹತ್ತದಿರುವುದನ್ನೂ ತಾವು ನೋಡಿರಬಹುದು. ಅದು ಜಿಡ್ಡಿನಲ್ಲಿ ಕರಗುವ ವಸ್ತು. ನಾಲ್ವತ್ತು ಇಂಗಾಲಗಳ ಈ ಅಣುವನ್ನು ಸರಿಯಾಗಿ ನಡುವೆ ಕತ್ತರಿಸಿದರೆ ಇಪ್ಪತ್ತಿಪ್ಪತ್ತು ಇಂಗಾಲಗಳ ಎರಡು ರೆಟಿನಾಲ್ ಸಿಗುತ್ತವೆ. ನಮ್ಮ ದೇಹದಲ್ಲೂ ಕಡಲ ಬ್ಯಾಕ್ಟೀರಿಯಾದಲ್ಲೂ ಹೀಗೆ ಕತ್ತರಿಸುವ ಕಿಣ್ವಗಳಿವೆ, ಆದರೆ ಕ್ಯಾರೋಟಿನ್ ತಯಾರಿಸುವ ಶಕ್ತಿ ಬ್ಯಾಕ್ಟೀರಿಯಾಕ್ಕಿದೆ, ನಮಗಿಲ್ಲ. ನಾವು ಗಜ್ಜರಿ, ನುಗ್ಗೆಸೊಪ್ಪು, ಪಪ್ಪಾಯಿಗಳನ್ನು ತಿಂದೇ ಪಡೆಯಬೇಕು, ಇಲ್ಲವಾದರೆ ಎ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬರುತ್ತದೆ. ಅಣು ಒಂದೇ ಆದರೂ ಬಳಕೆ ಬೇರೆ. ನಮ್ಮ ಕಣ್ಣಿನಲ್ಲಿ ಬಾಗಿದ ರೆಟಿನಾಲ್ ಬೆಳಕು ಬಿದ್ದಾಗ ನೆಟ್ಟಗಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಬ್ಯಾಕ್ಟೀರಿಯಾದಲ್ಲಿ ನೆಟ್ಟಗಿದ್ದದ್ದು ಬಾಗಿ ಪ್ರೋಟಾನನ್ನು ಎತ್ತುತ್ತದೆ.

ಪ್ರಶ್ನೆ: ಬೀದರಿನ ನೌಬಾದ್ ಬಳಿಯ ಸುರಂಗ ಬಾವಿಯ ನೀರಿನಲ್ಲಿಯೂ, ನಮ್ಮೂರ ಕೆರೆಯಲ್ಲಿಯೂ ಇಂತಹ ಬ್ಯಾಕ್ಟೀರಿಯಾ ಇರಬಹುದೇ? (ಬೀದರಿನ ನಿವೃತ್ತ ನೌಕರರು)

ಉತ್ತರ: ಸಿಹಿನೀರಿನ ಸರೋವರಗಳಲ್ಲಿ ಅತಿ ಸಾಮಾನ್ಯವಾದ ಆಕ್ಟಿನೋಬ್ಯಾಕ್ಟೀರಿಯಾಗಳಲ್ಲಿ ಇದರ ಹತ್ತಿರದ ನಂಟಿನ ಆಕ್ಟಿನೋರೊಡಾಪ್ಸಿನ್ ಎಂಬ ಪ್ರೋಟೀನು ಇದೆಯೆಂದು 2008ರ ಸುಮಾರಿಗೆ ತಿಳಿಯಿತು, ಆದ್ದರಿಂದ ಬಿಸಿಲು ಬೀಳುವ ಕೆರೆಯ ಮೇಲ್ನೀರಿನಲ್ಲಿ ಅವು ಇರುವ ಸಂಭವ ಚೆನ್ನಾಗಿದೆ. ಸುರಂಗ ಬಾವಿಯ ವಿಷಯ ಬೇರೆ. ಬಹಮನಿಗಳ ಕಾಲದ ಆ ಕಾಲುವೆ ನೆಲದಡಿಯ ಜಂಬಿಟ್ಟಿಗೆಯ ಕಲ್ಲಿನೊಳಗೆ ಕತ್ತಲಲ್ಲೇ ಹರಿಯುತ್ತದೆ. ನಡುನಡುವೆ ಮೇಲಿನಿಂದ ತೋಡಿದ ಗಾಳಿಬಾವಿಗಳ ಕೆಳಗೆ ಮಾತ್ರ ನಡುಹಗಲಿನಲ್ಲಿ ಒಂದಿಷ್ಟು ಬೆಳಕು ನೀರಿಗೆ ಮುಟ್ಟುತ್ತದೆ. ಪಂಪನ್ನು ಇಟ್ಟುಕೊಳ್ಳುವುದು ಅಗ್ಗವಾದರೂ ಬಿಟ್ಟಿಯಲ್ಲ, ಬೆಳಕೇ ಬಾರದ ಕಡೆ ಆ ಜೀನಿನಿಂದ ಪ್ರಯೋಜನವಿಲ್ಲ. ಅಲ್ಲಿಯ ನೀರಿನ ಒಂದು ಸೀಸೆಯನ್ನು ಗಾಳಿಬಾವಿಯ ಕೆಳಗಿನಿಂದಲೂ, ಇನ್ನೊಂದನ್ನು ಎರಡು ಗಾಳಿಬಾವಿಗಳ ನಡುವಿನ ಕತ್ತಲಿನಿಂದಲೂ ತುಂಬಿ ಯಾವುದಾದರೂ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಡಿಎನ್‌ಎ ಓದಿಸಿದರೆ, ತಮ್ಮ ಪ್ರಶ್ನೆಗೆ ನನಗಿಂತ ಆ ಎರಡು ಸೀಸೆಗಳೇ ಖಚಿತವಾಗಿ ಉತ್ತರ ಕೊಡುತ್ತವೆ.